ದತ್ತು ಹೋದ ಕಾರು

ಒಳಗೆ ಬನ್ನಿ, ಹೊರಗಿನ ತಿಣ್ಣೆಯಲ್ಲಿ ಕೂರೋದು ಬೇಡ. ಬಾಗಿಲು ಸ್ವಲ್ಪ ಮುಂದಕ್ಕೆ ಎಳೀರಿ, ಪಕ್ಕದ ಮನೆ ಸುಶೀಲಮ್ಮನಿಗೆ ಕಿವಿ ಚುರುಕು. ಇದು ನಿಮ್ಮ ಬಾಯಿಂದ ಹೊರಗೆ ಬಿದ್ದರೆ ನಾನು ಹೇಳಿದ್ದಲ್ಲ. ವಿಷಯ ಇಷ್ಟೇ: ಅವಳ ಮಗಳು ನಿತ್ಯಾಗೂ, ಅವಳನ್ನು ಮದುವೆಯಾಗಬೇಕಿದ್ದ ಮೋಹನ್ ರಾಜ್‌ಗೂ ಡೀಸೆಲ್ ಎಂಜಿನ್ ಕಡೆಯಿಂದ ಅಣ್ಣತಂಗಿ ವರಸೆ ಆಗುತ್ತದೆಂದು ನಮ್ಮ ನೇಕಾರರ ಸಂಘ ತೀರ್ಮಾನಿಸಿತು.

ಹುಡುಗನ ಮನೆಯವರಿಗೆ ಗಾಂಧಿಪುರಂನಲ್ಲಿ ಸೀರೆ ಅಂಗಡಿ. ನಿಶ್ಚಯಕ್ಕೆ ದೊಡ್ಡ ಬಿಳಿ ಕಾರಲ್ಲಿ ಬಂದರು. ಅದು ನಮ್ಮ ಬೀದಿ ತಿರುವಲ್ಲೇ ಕೆಮ್ಮಿ ನಿಂತಿತು. ಮೆಕ್ಯಾನಿಕ್ ನವನೀತನ್ ಬಾನೆಟ್ ಎತ್ತಿ ನೋಡಿದ. ನಿತ್ಯಾಳ ಅಪ್ಪ ಜಯರಾಮನ್‌ಗೆ ಉಡುಮಲೈಪೇಟೆಯಿಂದ ತೆಂಗಿನಕಾಯಿ ತರೋ ಒಂದು ಚಿಕ್ಕ ಲಾರಿ ಇದೆ. ನವನೀತನ್ ಅದರಿಂದ ಏನೋ ಬಿಚ್ಚಿ ಕಾರಿಗೆ ಹಾಕಿದ. ಕಾರು ಹೊರಟಿತು.

"ಅದು ಬೇರೆ ಕಂಪನಿ, ಇದು ಬೇರೆ ಕಂಪನಿ ಅಲ್ವೇನಪ್ಪಾ?" ಅಂದೆ.

"ಹೆಸರು ಮಾತ್ರ ಬೇರೆ ಅಜ್ಜಿ. ಎರಡಕ್ಕೂ ಎಂಜಿನ್ ಬರೋದು ಒಂದೇ ಕಾರ್ಖಾನೆಯಿಂದ."

ಒಂದೇ ಮನೆಯಿಂದ ಬಂದು ಬೇರೆ ಬೇರೆ ಕಡೆ ನೆಲೆಸಿದವರನ್ನು ನಮ್ಮಲ್ಲಿ ದಾಯಾದಿಗಳು ಅಂತಾರೆ. ದಾಯಾದಿಗಳೊಳಗೆ ಹೆಣ್ಣು ಕೊಡೋದುಂಟೇ? ಇದನ್ನು ನಾನು ಒಬ್ಬರಿಗೆ ಮಾತ್ರ ಹೇಳಿದೆ, ಸಂಘದ ಅಧ್ಯಕ್ಷ ದಂಡಪಾಣಿಗೆ. ಅವರ ಹತ್ತಿರ ಮೈಕ್ ಇದ್ದದ್ದು ನನ್ನ ತಪ್ಪಲ್ಲ.

ಮರುದಿನವೇ ಸಂಘದ ಸಭೆಯಲ್ಲಿ ಪ್ರಕಟಣೆ ಆಯಿತು: "ಸಮಸ್ತ ಬಂಧುಗಳಿಗೆ ತಿಳಿಯಪಡಿಸುವುದೇನೆಂದರೆ, ಒಂದೇ ಡೀಸೆಲ್ ಎಂಜಿನ್ ಹೊಂದಿರುವ ಕುಟುಂಬಗಳನ್ನು ಸಗೋತ್ರದವೆಂದು ಪರಿಗಣಿಸತಕ್ಕದ್ದು. ವಾಹನದ ಬಣ್ಣ, ಕಂಪನಿಯ ಹೆಸರು, ಎಸಿ ಇವುಗಳನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ. ಪೆಟ್ರೋಲ್ ವಾಹನಗಳ ವಿಚಾರವನ್ನು ಮುಂದೂಡಲಾಗಿದೆ." ಅಧ್ಯಕ್ಷರದ್ದು ಪೆಟ್ರೋಲ್ ಸ್ಕೂಟರ್. ಅರ್ಧ ಜನಕ್ಕೆ ಆ ಕನ್ನಡ ಅರ್ಥವಾಗಲಿಲ್ಲ, ಆದ್ದರಿಂದ ಸರ್ವಾನುಮತದಿಂದ ಒಪ್ಪಿದರು.

ಸುಶೀಲಮ್ಮ ಸಭೆಯಲ್ಲೇ ಅತ್ತಳು. ಮಂಟಪ ಹಿಡಿದಾಗಿತ್ತು, ಪತ್ರಿಕೆ ಹಂಚಿಯಾಗಿತ್ತು. ನಿತ್ಯಾ ಮಾತ್ರ ಎದ್ದು ನಿಂತಳು.

"ಕಾರೂ ಬೇಡ ಲಾರಿನೂ ಬೇಡ ಮಾಮಾ. ನಾವಿಬ್ರೂ ಬಸ್ಸಲ್ಲಿ ಓಡಾಡ್ತೀವಿ."

"ಬಸ್ಸಲ್ಲಿ ಅಷ್ಟು ಜನರೂ ಒಂದೇ ಎಂಜಿನ್ ಹಿಂದೆ ಕೂತಿರ್ತಾರಮ್ಮಾ. ಅಷ್ಟೊಂದು ಅಣ್ಣತಮ್ಮಂದಿರನ್ನು ಸಂಘಕ್ಕೆ ತಡ್ಕೊಳ್ಳೋಕಾಗಲ್ಲ," ಅಂದರು ದಂಡಪಾಣಿ. ಆಮೇಲೆ ಕನ್ನಡಕ ಒರೆಸಿಕೊಂಡು, "ಒಂದು ದಾರಿ ಇದೆ. ಕಾರನ್ನು ಬೇರೆ ಗೋತ್ರಕ್ಕೆ ದತ್ತು ಕೊಡಬೇಕು. ಯಾರೂ ಮುಂದೆ ಬರದಿದ್ದರೆ ಆ ಭಾರ ಅಧ್ಯಕ್ಷರದ್ದು ಅಂತ ನಿಯಮ."

"ಆ ನಿಯಮ ಯಾವಾಗ ಬಂತು?" ಅಂದ ಜಯರಾಮನ್.

"ಈಗ ತಾನೇ ಹೇಳಿದೆನಲ್ಲ."

"ಹಂಗಾದ್ರೆ ನನ್ನ ಲಾರಿನೇ ದತ್ತು ತಗೊಳ್ಳಿ."

"ವಯಸ್ಸಾದದ್ದನ್ನು ದತ್ತು ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ."

ದತ್ತು ಶಾಸ್ತ್ರ ಚೆನ್ನಾಗೇ ಆಯಿತು. ಕಾರಿನ ಬೀಗದ ಕೈಯನ್ನು ಅಧ್ಯಕ್ಷರ ಹೆಂಡತಿ ಮಡಿಲಿಗೆ ಹಾಕಿದರು, ಬಾನೆಟ್‌ಗೆ ಸಕ್ಕರೆ ಸವರಿದರು. ಡೀಸೆಲ್ ಖರ್ಚು ಹುಡುಗನ ಮನೆಯವರದ್ದೇ ಎಂದಾಯಿತು. ಹೆತ್ತವರ ಋಣ ಅಷ್ಟು ಬೇಗ ತೀರುತ್ತದೆಯೇ? ಮೋಹನ್ ರಾಜ್ ಪೇಟ ಕಟ್ಟಿಕೊಂಡು, ಮಾವನ ಲಾರಿಯಲ್ಲಿ ತೆಂಗಿನಕಾಯಿ ಮೇಲೆ ಕೂತು ಮಂಟಪಕ್ಕೆ ಬಂದ. ತಾಳಿ ಕಟ್ಟಿದ. ಊಟಕ್ಕೆ ಪಾಯಸ ಸ್ವಲ್ಪ ನೀರಾಗಿತ್ತು, ಅದು ಬಿಡಿ.

ಈಗ ನಮ್ಮಲ್ಲಿ ಜಾತಕಕ್ಕೆ ಮುಂಚೆ ಬಾನೆಟ್ ತೆಗೆದು ನೋಡುತ್ತಾರೆ. ಅಧ್ಯಕ್ಷರ ಬಾಗಿಲಲ್ಲಿ ಮೂರು ದತ್ತು ಮಕ್ಕಳು ನಿಂತಿವೆ, ರಂಗೋಲಿ ಹಾಕಲು ನೆಲ ಉಳಿದಿಲ್ಲ. ಅವರ ಹೆಂಡತಿ ಬಾನೆಟ್ ಮೇಲೇ ಹಾಕುತ್ತಾಳೆ. ಯಾರೂ ಏನೂ ಅನ್ನಲ್ಲ, ಎಲ್ಲರ ಮನೆಯಲ್ಲೂ ಮದುವೆಗೆ ಬಂದ ಮಕ್ಕಳಿದ್ದಾರೆ.

ಮದುವೆ ಸದ್ದು ಅಡಗಿದ ಮೇಲೆ ಸುಶೀಲಮ್ಮ ನಮ್ಮ ಅಡುಗೆಮನೆಗೇ ಬಂದಳು. ನನ್ನ ಗ್ರೈಂಡರ್ ಕೆಳಗೆ ಬಗ್ಗಿ ನೋಡಿದಳು. ಸೊಂಟ ಹಿಡಿದು ಎದ್ದು, ನನ್ನ ಮುಖಕ್ಕೇ ಹೇಳಿದಳು:

"ಕಣ್ಣಮ್ಮಕ್ಕಾ, ನಿಮ್ಮ ಗ್ರೈಂಡರ್ ಮೇಲೆ ಒಂದು ಹೆಸರು, ನನ್ನ ಗ್ರೈಂಡರ್ ಮೇಲೆ ಇನ್ನೊಂದು ಹೆಸರು. ಒಳಗಿರೋ ಮೋಟಾರ್ ಒಂದೇ ಕಾರ್ಖಾನೇದು. ಅಧ್ಯಕ್ಷರನ್ನು ಕೇಳ್ಕೊಂಡೇ ಬಂದೆ, ನಾವಿಬ್ರೂ ಒಡಹುಟ್ಟಿದವರಂತೆ. ನಿಮ್ಮಮ್ಮ ಬಿಟ್ಟುಹೋದ ಈ ಮನೇಲಿ ನನಗೂ ಪಾಲುಂಟು. ಮನೆ ನೀವೇ ಇಟ್ಕೊಳ್ಳಿ, ನನಗೆ ಮುಂದಿನ ತಿಣ್ಣೆ ಸಾಕು. ಇವತ್ತಿನಿಂದ ಸಂಜೆ ಹೊತ್ತು ಅಲ್ಲಿ ನಾನು ಕೂತ್ಕೊಂಡು, ಬರೋರಿಗೆ ಹೋಗೋರಿಗೆ ನಿಮ್ಮ ವಿಷಯ ಹೇಳ್ತೀನಿ."