ಬ್ಲಾಗಿನ ಅಂದ, ಅತ್ತೆಯ ಕಣ್ಣು

ಭಾನುವಾರ ಹೊತ್ತು ಮುಳುಗುವುದರೊಳಗೆ ನನ್ನ ಬ್ಲಾಗಿನ ಮುಖಲಕ್ಷಣವನ್ನೇ ಬದಲಾಯಿಸಿಬಿಡುತ್ತೇನೆ ಎಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. "ಮೊದಲು ಬಚ್ಚಲಿನ ನಲ್ಲಿ ಬದಲಾಯಿಸಿ" ಎಂದಳು ಹೆಂಡತಿ. ಮಹತ್ಕಾರ್ಯಗಳಿಗೆ ಆರಂಭದಲ್ಲಿ ಇಂಥ ವಿಘ್ನಗಳು ಇದ್ದದ್ದೇ!

ಒಂಬತ್ತು ವರ್ಷಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. ವಾರಕ್ಕೊಂದು ಲೇಖನ. ಕೊಡೆ ಮರೆಯುವವರ ಮನಶ್ಶಾಸ್ತ್ರ, ನಮ್ಮ ಕಚೇರಿ ಲಿಫ್ಟಿನ ಹುಟ್ಟುಗುಣ, ಹೀಗೆ ಲೋಕಕ್ಕೆ ಬೇಕಾದ ವಿಷಯಗಳು. ಓದುಗರು ನಲವತ್ತೊಂದು ಮಂದಿ. ಅವರಲ್ಲಿ ಪ್ರಥಮ ಸ್ಥಾನ ನನ್ನ ಅತ್ತೆಯವರದು. ಹೆಂಡತಿಯ ತಾಯಿ, ನಾವು ಇರುವುದು ಅವರ ಮನೆಯಲ್ಲೇ. ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದಾರೆ. ದಿನಾ ಬೆಳಗ್ಗೆ ಏಳಕ್ಕೆ, ಮೆಷಿನ್ನಿನ ಮುಂದೆ ಕೂರುವ ಮೊದಲು, ಕಿಟಕಿಯ ಕಡೆ ಮುಖ ಮಾಡಿ ಫೋನಿನಲ್ಲಿ ನನ್ನ ಬ್ಲಾಗ್ ತೆರೆಯುತ್ತಾರೆ. ಹೊಸ ಲೇಖನ ಇಲ್ಲದ ದಿನ ಹಳೆಯದನ್ನೇ ಮತ್ತೆ ಓದುತ್ತಾರೆ! ಸ್ವಂತ ಹೆಂಡತಿ ಒಂದು ಸಾಲನ್ನೂ ಓದದ ಮನೆಯಲ್ಲಿ ಇಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡಿದ್ದೆ.

ಬೆಂಕಿ ಹಚ್ಚಿದವನು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು. ನೋಟಿಸ್ ಬೋರ್ಡಿನ ಪ್ರಕಟಣೆಗಳಿಗೆ ಅಂಚು ಬಿಡಿಸುವುದರಲ್ಲಿ ಎತ್ತಿದ ಕೈ. ಹಾಗಾಗಿ ನಾವು ಇಟ್ಟ ಹೆಸರು ಅಂಚು ಮಹಾರಾಜ. ನನ್ನ ಬ್ಲಾಗನ್ನು ನೋಡಿ ಹಾಗಲಕಾಯಿ ಅಗಿದವನ ಮುಖ ಮಾಡಿದ. ಮೇಲೆ ಸೂರ್ಯಕಾಂತಿ ಹೂವು, ಅದರ ಕೆಳಗೆ ಎಡದಿಂದ ಬಲಕ್ಕೆ ಓಡುವ ಕೆಂಪು ಸ್ವಾಗತ, ಪಕ್ಕದಲ್ಲಿ ಮಿಣಮಿಣ ಗಡಿಯಾರ, ನಡುವೆ ದಪ್ಪ ಕಪ್ಪು ಅಕ್ಷರ. ಇದನ್ನೆಲ್ಲ ನಾನು ವೈಭವ ಎಂದು ತಿಳಿದಿದ್ದೆ.

"ಕಪ್ಪು ಅಕ್ಷರ ಅಂದ್ರೆ ಕಿರುಚಾಟ ಸಾರ್. ದೊಡ್ಡ ಲೇಖಕರು ಪಿಸುಗುಟ್ತಾರೆ" ಎಂದ ಮಹಾರಾಜ.

ದೊಡ್ಡ ಲೇಖಕ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನನ್ನು ತಡೆಯುವವರು ಯಾರು? ಭಾನುವಾರ ಮಧ್ಯಾಹ್ನ ಕಿಟಕಿಯ ಪರದೆಗಳನ್ನೆಲ್ಲ ಎಳೆದು, ಕತ್ತಲು ಮಾಡಿಕೊಂಡು, ತಪಸ್ಸಿಗೆ ಕೂತೆ. ಹೂವು ಕಿತ್ತೆ. ಗಡಿಯಾರ ನಿಲ್ಲಿಸಿದೆ. ಓಡುವ ಸ್ವಾಗತವನ್ನು ಹಿಡಿಯುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಆಮೇಲೆ ಬಣ್ಣಗಳ ಪಟ್ಟಿ ತೆರೆದೆ. ಹಿನ್ನೆಲೆಗೆ ‘ಹಾಲಿನ ಕೆನೆ’, ಅಕ್ಷರಕ್ಕೆ ‘ಮುಂಜಾವಿನ ಮಂಜು’. ಅಕ್ಷರಗಳ ಮೈಯನ್ನೂ ಇಳಿಸಿ ನೂಲಿನಷ್ಟು ತೆಳ್ಳಗೆ ಮಾಡಿದೆ. ಆ ಕತ್ತಲಲ್ಲಿ ನನ್ನ ಬ್ಲಾಗ್ ಸ್ವರ್ಗದ ಬಾಗಿಲಿನ ಹಾಗೆ ಹೊಳೆಯಿತು.

ಹೆಂಡತಿಯನ್ನು ಕೂಗಿದೆ. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಚೆನ್ನಾಗಿದೆ. ಬರಹ ಯಾವಾಗ ಹಾಕ್ತೀರಿ?"

"ಹಾಕಿದ್ದೀನಲ್ಲೇ!"

ಮೂಗು ಕಂಪ್ಯೂಟರಿನ ಪರದೆಗೆ ತಾಗುವಷ್ಟು ಬಗ್ಗಿದಳು. "ಓ, ಇದೆ ಇದೆ. ಪರದೆ ಮೇಲಿನ ಧೂಳು ಒರೆಸಿಲ್ಲ ಅಂದ್ಕೊಂಡೆ."

ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಕಲೆ ಎಲ್ಲಿಂದ ಅರ್ಥವಾಗಬೇಕು ಎಂದು ಅವಳನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ಬಾಯಿಬಿಟ್ಟು ಕ್ಷಮಿಸುವಷ್ಟು ಧೈರ್ಯ ನನಗಿಲ್ಲ.

ಸೋಮವಾರ ಓದುಗರ ಪತ್ರಗಳು ಬಂದವು. ಪುಟ ಖಾಲಿ ಬರುತ್ತಿದೆ ಎಂದು ಆರು ಜನ. ಮೌನವನ್ನೇ ಬರಹವಾಗಿಸಿದ್ದೀರಿ, ಇದು ನಿಮ್ಮ ಈವರೆಗಿನ ಶ್ರೇಷ್ಠ ಕೃತಿ ಎಂದು ಒಬ್ಬರು. ಆ ಒಬ್ಬರನ್ನು ನಂಬಿಕೊಂಡು ಉಳಿದವರ ಅಭಿರುಚಿಗೆ ಮರುಗಿದೆ.

ಮಂಗಳವಾರ ಬೆಳಗ್ಗೆ ನಾನೇ ಮಾಡಿಕೊಂಡ ಚಹಾದ ಮೊದಲ ಗುಟುಕಿಗೇ ಪಿತ್ತ ನೆತ್ತಿಗೇರಿತು. ಉಪ್ಪು! ಅಡಿಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದ್ದವು. ಪ್ರತಿಯೊಂದರ ಕತ್ತಿಗೂ ದಾರ ಕಟ್ಟಿ ಒಂದೊಂದು ಅಂಗಿಯ ಗುಂಡಿ ನೇತುಹಾಕಿತ್ತು. ಅತ್ತೆಯವರನ್ನು ಕೇಳಿದೆ. ಎರಡು ತೂತಿನ ಗುಂಡಿ ಉಪ್ಪು, ನಾಲ್ಕು ತೂತಿನದು ಸಕ್ಕರೆ, ದೊಡ್ಡ ಕೋಟಿನ ಗುಂಡಿ ಚಹಾಪುಡಿ ಎಂದು ಶಾಂತವಾಗಿ ವಿವರಿಸಿದರು. ಯಾಕೆ ಎಂದರೆ ಇನ್ನೊಂದು ಡಬ್ಬಿಗೆ ಗುಂಡಿ ಕಟ್ಟತೊಡಗಿದರು. ಚಹಾ ಕುಡಿಯಬೇಕಾದರೆ ತೂತು ಎಣಿಸಬೇಕಾದ ಮನೆ ಜಗತ್ತಿನಲ್ಲಿ ಇನ್ನೊಂದು ಇದ್ದರೆ ತೋರಿಸಿ. ಸಿಡುಕುತ್ತಲೇ ಕಚೇರಿಗೆ ಹೋದೆ.

ಬುಧವಾರ ಅತ್ತೆ ನನ್ನ ಕೈಗೆ ಒಂದು ದೊಡ್ಡ ಗಂಟು ಕೊಟ್ಟರು. ಸಂಗೀತ ಶಾಲೆಯವರ ಹದಿನಾಲ್ಕು ಕೋಟುಗಳ ಬಟ್ಟೆ. ರಸ್ತೆಯ ಆಚೆ ಬದಿಯ ಟೈಲರಿಗೆ ಕೊಟ್ಟುಬರಬೇಕಂತೆ. ಆ ಟೈಲರು ಅತ್ತೆಯ ಇಪ್ಪತ್ತು ವರ್ಷದ ಪ್ರತಿಸ್ಪರ್ಧಿ. ಗುಂಡಿ ತೂರಿಸಲು ಆತ ಹೊಲಿಯುವ ಕಾಜಾಗಳನ್ನು ನೋಡಿದರೆ ಇಲಿ ಕಡಿದದ್ದೇನೋ ಅನಿಸುತ್ತದೆ ಎಂದು ಮೊನ್ನೆಯವರೆಗೂ ಹೇಳುತ್ತಿದ್ದವರು! ನಾನು ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಆತ ಗಂಟನ್ನೂ ನನ್ನನ್ನೂ ಎರಡೆರಡು ಸಲ ನೋಡಿದ.

ಗುರುವಾರ ಸಂಜೆ ಕಚೇರಿಯಿಂದ ಬಂದಾಗ ಮುಂದಿನ ಕೋಣೆಯಲ್ಲಿ ಮೆಷಿನ್ನಿನ ಸದ್ದಿಲ್ಲ. ಅತ್ತೆ ಅದಕ್ಕೆ ಎಣ್ಣೆ ಹಾಕಿ, ಒರೆಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಪಕ್ಕದಲ್ಲಿ ಹೆಂಡತಿ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಳು. ಮರುದಿನ ಸಂಜೆ ಐದಕ್ಕೆ ಎದುರಿನ ಟೈಲರು ಬಂದು ಮೆಷಿನ್ನು ಒಯ್ಯುತ್ತಾನೆ, ಹಾಗೆಂದು ಮಾತು ಕೊಟ್ಟಾಗಿದೆ ಎಂದಳು.

"ನನ್ನ ಕಣ್ಣು ಹೋಯ್ತು ಅಳಿಯಂದಿರೇ" ಎಂದರು ಅತ್ತೆ. "ಸೋಮವಾರದಿಂದ ಅಕ್ಷರ ಎಲ್ಲಾ ಮಾಸಿಹೋಗಿದೆ. ಎರಡೂ ಕಣ್ಣಲ್ಲೂ ಒಂದೇ ಥರ, ಬರೀ ಮಂಜು. ಇವತ್ತು ಅಕ್ಷರ, ನಾಳೆ ಸೂಜಿ. ಕೆಟ್ಟ ಹೊಲಿಗೆ ಹಾಕಿ ಬೈಸಿಕೊಳ್ಳೋ ಬದಲು ಹೆಸರಿರೋವಾಗ್ಲೇ ನಿಲ್ಲಿಸೋದು ಮೇಲು."

ಗುಂಡಿಗಳ ಗುಟ್ಟು ಆಗ ತಿಳಿಯಿತು. ಕಣ್ಣು ಪೂರ್ತಿ ಹೋಗುವ ಮೊದಲು ಕೈಗೆ ದಾರಿ ಕಲಿಸುತ್ತಿದ್ದರು! ಚಹಾಕ್ಕಾಗಿ ಸಿಡುಕಿದ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಆ ಮೆಷಿನ್ನಿನಲ್ಲೇ ಹೊಲಿದು ಮಗಳನ್ನು ಓದಿಸಿದವರು ಅವರು. ನನ್ನ ಮದುವೆಯ ಕೋಟೂ ಅದರಲ್ಲೇ ಹುಟ್ಟಿದ್ದು. ಬೆಳಗಾಗುತ್ತಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು, ಮೆಷಿನ್ನನ್ನು ಯಾವ ಕಾರಣಕ್ಕೂ ಕೊಡುವುದಿಲ್ಲ ಎಂದು ಎದೆ ತಟ್ಟಿ ಹೇಳಿದೆ.

ಕಣ್ಣಿನ ಡಾಕ್ಟರು ಖಡಕ್ ಹೆಂಗಸು. ಅತ್ತೆಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರಪಟ ಓದಿಸಿದರು. ಅತ್ತೆ ಮೇಲಿನಿಂದ ಕೊನೆಯ ಸಾಲಿನವರೆಗೆ ಸರಸರ ಓದಿ, ಕೆಳಗೆ ಅಂಚಿನಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿಬಿಟ್ಟರು. ಅಲ್ಲಿ ವಿಳಾಸ ಇದೆಯೆಂದು ಡಾಕ್ಟರಿಗೇ ಗೊತ್ತಿರಲಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಮದ್ದು ಹಾಕಿ ನೋಡಿದರು. ಏನೂ ಸಿಗಲಿಲ್ಲ.

"ಏನಮ್ಮ ಕಾಣಲ್ಲ ನಿಮಗೆ?"

ಅತ್ತೆ ಚೀಲದಿಂದ ಫೋನ್ ತೆಗೆದು ಕೊಟ್ಟರು. "ಇದು. ದಿನಾ ಬೆಳಗ್ಗೆ ಒಂದೊಂದೇ ಕಣ್ಣು ಮುಚ್ಚಿಕೊಂಡು ಅಕ್ಷರ ನೋಡು, ಮಾಸಿದ ಹಾಗೆ ಕಂಡ್ರೆ ತಡಮಾಡಬೇಡ ಅಂತ ಹಿಂದೆ ನೀವೇ ಹೇಳಿದ್ರಿ. ಒಂಬತ್ತು ವರ್ಷದಿಂದ ಇದನ್ನೇ ನೋಡ್ತಿದ್ದೀನಿ."

ಫೋನಿನಲ್ಲಿ ಏನಿದೆ ಎಂದು ನಾನು ನೋಡಬೇಕಾಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ.

ಡಾಕ್ಟರು ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದರು. ನರ್ಸನ್ನು ಕರೆದರು. ನರ್ಸು ನೋಡಿ, ಫೋನಿಗೆ ನೀರು ಬಿದ್ದಿತ್ತೇ ಎಂದು ಕೇಳಿದಳು.

"ಇದನ್ನ ಮಾಡಿದವರು ಯಾರು?" ಎಂದರು ಡಾಕ್ಟರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿದ್ದೀರಲ್ಲ? ನಾನು ಹೆಗಲು ಮುಟ್ಟಿಕೊಳ್ಳುವ ತೊಂದರೆಯನ್ನೂ ಹೆಂಡತಿ ಕೊಡಲಿಲ್ಲ. ಬೆರಳು ಮಾಡಿ ತೋರಿಸಿಯೇಬಿಟ್ಟಳು. ಅತ್ತೆಯನ್ನು ಇಳಿಸಿ ಅದೇ ಎತ್ತರದ ಕುರ್ಚಿಯಲ್ಲಿ ನನ್ನನ್ನು ಕೂರಿಸಲಾಯಿತು. ಹತ್ತು ನಿಮಿಷ ಪರೀಕ್ಷೆ ಮಾಡಿ ಡಾಕ್ಟರು ಹೇಳಿದರು, "ಇವರ ಕಣ್ಣಲ್ಲಿ ದೋಷ ಏನಿಲ್ಲ."

"ಅದು ನಂಗೊತ್ತಿತ್ತು ಡಾಕ್ಟ್ರೇ, ದೋಷ ಇನ್ನೂ ಸ್ವಲ್ಪ ಮೇಲಿದೆ" ಎಂದಳು ಹೆಂಡತಿ.

ಅಲ್ಲಿಂದ ನೇರ ಎದುರಿನ ಟೈಲರ ಅಂಗಡಿಗೆ ಓಡಿದೆ. ಮೆಷಿನ್ನು ಕೊಡುವುದಿಲ್ಲ, ಕೋಟಿನ ಬಟ್ಟೆಯನ್ನೂ ವಾಪಸ್ಸು ಕೊಡಿ ಎಂದೆ. ಆತನಿಗೆ ರೇಗಿದ್ದು ತಪ್ಪಲ್ಲ. ಆಗಲೇ ಮೂರು ಕೋಟು ಕತ್ತರಿಸಿದ್ದ. ಕಾರಣ ಹೇಳಿದ ಹೊರತು ಬಟ್ಟೆ ಮುಟ್ಟಗೊಡುವುದಿಲ್ಲ ಎಂದು ಕತ್ತರಿ ಹಿಡಿದು ನಿಂತ. ನಾಲ್ಕು ಗಿರಾಕಿಗಳ ಮುಂದೆ ಕಾರಣ ಹೇಳಿದೆ. ಅವರು ನಕ್ಕ ನಗೆಗೆ ಆತನ ಕೋಪ ಇಳಿಯಿತು. ಕತ್ತರಿಸಿದ ಮೂರನ್ನು ಅವನೇ ಹೊಲಿಯುವುದು, ಹನ್ನೊಂದು ವಾಪಸ್ಸು ಎಂದು ಒಪ್ಪಂದವಾಯಿತು. ಆ ಮೂರರ ಕಾಜಾಗಳನ್ನು ಮಾತ್ರ ಅತ್ತೆಯವರೇ ಹೊಲಿದುಕೊಡಲಿ ಎಂದ. ಅವರಷ್ಟು ಚೆಂದ ತನಗೆ ಬರುವುದಿಲ್ಲವಂತೆ.

ಮನೆಗೆ ಬಂದವನೇ ಬ್ಲಾಗಿಗೆ ಹಳೆಯ ಅಕ್ಷರ ಹಾಕಿದೆ, ಹಳೆಯದಕ್ಕಿಂತ ಇನ್ನೊಂದು ಸುತ್ತು ದಪ್ಪ, ಇನ್ನೊಂದು ಪಾಲು ಕಪ್ಪು. ಕಿರುಚಲಿ! ಗಂಟಲು ಹರಿಯುವಂತೆ ಕಿರುಚಲಿ! ಹೂವನ್ನೂ ಮರಳಿ ನೆಟ್ಟೆ. ಅಂಚು ಮಹಾರಾಜನ ಜೊತೆ ಒಂದು ವಾರ ಮಾತು ಬಿಟ್ಟೆ.

ಶನಿವಾರ ಬೆಳಗ್ಗೆ ಏಳಕ್ಕೆ ಅತ್ತೆ ಕಿಟಕಿಯ ಬಳಿ ಕೂತು ಎಡಗಣ್ಣಿನ ಮೇಲೆ ಅಂಗೈ ಇಟ್ಟು ಫೋನ್ ನೋಡಿದರು. ಮುಖ ಅರಳಿತು. ಮೆಷಿನ್ನಿನ ಮೇಲಿನ ಬಿಳಿ ಬಟ್ಟೆಯನ್ನು ನಾನೇ ತೆಗೆದು ಮಡಚಿಟ್ಟೆ. ಕಣ್ಣಿನ ಪರೀಕ್ಷೆಗೇ ಆಗಲಿ, ಪ್ರಪಂಚದಲ್ಲಿ ಇಷ್ಟೊಂದು ಪುಸ್ತಕ, ಪತ್ರಿಕೆಗಳಿರುವಾಗ ಒಂಬತ್ತು ವರ್ಷ ನನ್ನ ಬರಹವನ್ನೇ ಆರಿಸಿಕೊಂಡಿದ್ದಾರೆ ಎಂದರೆ ಸಾಮಾನ್ಯ ಅಭಿಮಾನವೇ?

"ನನ್ನ ಬ್ಲಾಗೇ ಯಾಕೆ ಅತ್ತೆ?" ಎಂದು ಆಸೆಯಿಂದ ಕೇಳಿದೆ.

ಅತ್ತೆ ಅಂಗೈಯನ್ನು ಬಲಗಣ್ಣಿಗೆ ಬದಲಾಯಿಸಿದರು.

"ಪೇಪರ್ ಹಿಡಿದ್ರೆ ಮನಸ್ಸು ವಿಷಯದ ಕಡೆ ಹೋಗ್ಬಿಡುತ್ತೆ ಅಳಿಯಂದಿರೇ, ಕಣ್ಣು ಪರೀಕ್ಷೆ ಮಾಡೋದು ಮರ್ತುಹೋಗುತ್ತೆ. ನಿಮ್ಮದರಲ್ಲಿ ಆ ತೊಂದ್ರೆ ಒಂದು ದಿನಾನೂ ಬಂದಿಲ್ಲ."