ಕೆಡದ ಗಾಡಿ ಕೆಟ್ಟ ದಿನ

ಪ್ರತಿಯೊಬ್ಬ ಗಂಡಸಿಗೂ ಕೊಚ್ಚಿಕೊಳ್ಳಲು ಒಂದು ಮಾತು ಬೇಕು. ಕೆಲವರಿಗೆ ಹೊಲ, ಕೆಲವರಿಗೆ ಮೀಸೆ, ಓದಿದವರಿಗೆ ಮಕ್ಕಳ ಅಂಕಪಟ್ಟಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇದ್ದದ್ದು ಒಂದೇ: ನನ್ನ ಜೆಸಿಬಿ ಕೆಲಸದ ಜಾಗದಲ್ಲಿ ಒಂದು ದಿನವೂ ಕೆಟ್ಟು ನಿಂತಿಲ್ಲ. ಕಮತಗಿಯ ಚಹಾದಂಗಡಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬೆಂಚಿನ ಮೇಲೆ ಕೂರುವ ಮೊದಲೇ ಅಂಗಡಿಯವನು, "ಕೆಟ್ಟಿಲ್ಲಪಾ, ನಿನ್ನ ಗಾಡಿ ಕೆಟ್ಟಿಲ್ಲ, ಚಹಾ ಕುಡಿ" ಎನ್ನುತ್ತಿದ್ದ. ದಿನಾ ಬೆಳಿಗ್ಗೆ ನಾನೇ ಗ್ರೀಸ್ ಹೊಡೆಯುತ್ತೇನೆ. ಎಂಜಿನ್ನಿನ ಸದ್ದು ಕೇಳಿದರೆ ಅದಕ್ಕೆ ನೆಗಡಿಯೋ ಜ್ವರವೋ ನನಗೆ ತಿಳಿಯುತ್ತದೆ. ಹೆಂಡತಿ ಕಲ್ಲವ್ವನಿಗೆ ಜ್ವರ ಬಂದಾಗ ಮಾತ್ರ ಎರಡನೇ ದಿನ ತಿಳಿಯಿತು. ಅವಳು ಅದನ್ನು ಇನ್ನೂ ಮರೆತಿಲ್ಲ.

ಈ ಬೇಸಿಗೆಯಲ್ಲಿ ಬಾದಾಮಿ ರಸ್ತೆಯ ಪಕ್ಕದ ಗುಡ್ಡದ ಮೇಲೆ ಜೀಪು ಓಡಿಸುವ ಸಾಹಸದ ದಾರಿ ಮಾಡಲು ಸರಕಾರದ ಅನುದಾನ ಬಂತು. ಡಾಂಬರು ರಸ್ತೆ ಇರುವ ಊರುಗಳಿಂದ ಬಂದು, ರಸ್ತೆಯೇ ಇಲ್ಲದ ಕಡೆ ಗಾಡಿ ಓಡಿಸುವುದು ಒಂದು ಆಟವಂತೆ. ನಮ್ಮ ಓಣಿಯನ್ನು ತೋರಿಸಿದ್ದರೆ ಅನುದಾನವೇ ಬೇಕಿರಲಿಲ್ಲ ಎಂದು ನನಗೆ ಅನಿಸಿತು. ಆದರೆ ಕೆಲಸ ನನಗೇ ಸಿಕ್ಕಿದ್ದರಿಂದ ಅನಿಸಿದ್ದನ್ನು ನುಂಗಿಕೊಂಡೆ. ಇಲಾಖೆಯ ಸಾಹೇಬರು ಒಂದು ನಕ್ಷೆ ಕೊಟ್ಟು, "ತಿಳೀತಲ್ಲಪಾ?" ಎಂದರು. ಅದರ ತುಂಬ ಇಂಗ್ಲಿಷು. "ತಿಳೀಲಾರದ್ದೇನೈತ್ರಿ ಸಾಹೇಬ್ರ!" ಎಂದೆ. ಹೊರಗೆ ಬಂದು ನೋಡಿದರೆ ದಾರಿಯ ಉದ್ದಕ್ಕೂ ಕೆಂಪು ಅಲೆಗಳು, ಒಂದು ಕಡೆ ಅಡ್ಡಲಾಗಿ ನೀಲಿ ಗೆರೆ. ಅಲೆಗಳು ಬರೆದವರ ಕೈ ನಡುಗಿದ್ದು, ನೀಲಿ ಗೆರೆ ಪೆನ್ನು ಸೋರಿದ್ದು ಎಂದು ತೀರ್ಮಾನಿಸಿ, ನಕ್ಷೆಯನ್ನು ಮಡಚಿ ಸೀಟಿನ ಕೆಳಗಿಟ್ಟೆ. ಮರಳಿ ಹೋಗಿ ಕೇಳಬಹುದಿತ್ತು. ಕೇಳಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಇಪ್ಪತ್ತು ದಿನ ಕಣ್ಣಳತೆಯಲ್ಲೇ ಕೆಲಸ ಮಾಡಿದೆ. ಬಾರಿ ಕಂಟಿ, ಕವಳಿ ಕಂಟಿ, ಮುಳ್ಳುಪೊದೆ ಎಲ್ಲ ಕಿತ್ತೆ. ಕಂಟಿಯೊಳಗಿಂದ ಒಂದು ಕೌಜುಗ ಹಕ್ಕಿ ತನ್ನ ಮರಿಗಳನ್ನು ಕರೆದುಕೊಂಡು ಹೊರಟಾಗ ಎಂಜಿನ್ ಆರಿಸಿ ಅದಕ್ಕೆ ದಾರಿ ಬಿಟ್ಟೆ. ಅದರ ಮನೆ ಕೆಡವಿದವನೂ ನಾನೇ ಎಂಬುದು ಆಗ ಹೊಳೆಯಲಿಲ್ಲ. ಕೆಲಸ ಮುಗಿದ ಮೇಲೆ ದಾರಿ ಎಷ್ಟು ನುಣುಪಾಗಿತ್ತೆಂದರೆ, ತುಂಬಿದ ಚಹಾದ ಕಪ್ಪು ಹಿಡಿದು ಜೀಪಿನಲ್ಲಿ ಕೂತರೂ ಒಂದು ಹನಿ ಚೆಲ್ಲುತ್ತಿರಲಿಲ್ಲ.

ಮೊದಲ ಮಳೆ ಉದ್ಘಾಟನೆಯ ಹಿಂದಿನ ದಿನ ಬಂತು. ಸಂಜೆ ನೋಡಿದರೆ ನಮ್ಮ ಕಟ್ಟೆಯ ಮೇಲೆ ಕಲ್ಲವ್ವನ ಅಪ್ಪ ಮಾಳಪ್ಪ ಮಾವ ಕೂತಿದ್ದರು. ಅವರ ಕುರಿ ಹಿಂಡು ಇರುವುದು ಅದೇ ಗುಡ್ಡದ ಬುಡದಲ್ಲಿ. ಅಲ್ಲಿನ ಹೊಂಡವೇ ಹಿಂಡಿಗೆ ನೀರು. ಅದು ಬಿಟ್ಟರೆ ಅರ್ಧ ದಿನ ನಡೆಯಬೇಕು. ಆಗತಾನೆ ಈದ ಕುರಿಗಳು ಅಷ್ಟು ನಡೆಯಲಾರವು. ಕಲ್ಲವ್ವ ತಂಬಿಗೆಯಲ್ಲಿ ನೀರು ತಂದಳು. ಮಾವ ಮುಟ್ಟಲಿಲ್ಲ.

"ಒಳಗ ಒಯ್ಯವ್ವ. ಕುರಿ ಕುಡದ ಮ್ಯಾಲ ನಾ ಕುಡಿತೇನಿ. ಬೀರಪ್ಪನ ಆಣಿ."

"ಮಾವ, ಮಳಿ ಸಣ್ಣದಿತ್ತೇನೋರಿ" ಎಂದೆ ನಾನು.

"ಮಳಿ ದೊಡ್ಡದ ಇತ್ತು, ಅಳಿಯಂದ್ರ. ಹೊಂಡಕ್ಕ ಬರೋ ನೀರೆಲ್ಲ ನಿಮ್ಮ ದಾರಿ ಹಿಡದು, ಕೆಳಗ ಇಳದು, ಬಾದಾಮಿ ಬಸ್ ಹತ್ತಿ ಹೋತು."

ಕಲ್ಲವ್ವ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು. "ಹ್ವಾದ ವರ್ಷ ಅಪ್ಪ ಹೊಂಡದ ಹೂಳ ತೆಗೀರಿ ಅಂತ ಅರ್ಜಿ ಕೊಟ್ರ, ಅನುದಾನ ಇಲ್ಲ ಅಂದ್ರು. ಈಗ ಜೀಪ ಕುಣಸಾಕ ಎಲ್ಲಿಂದ ಬಂತು? ಅದನ್ನ ಮಾಡಾಕ ಅವರಿಗೆ ನನ್ನ ಗಂಡನ ಸಿಕ್ಕನೇನು? ನೋಡ್ರಿ, ನಾಳೆ ನೀರಿಗೆ ದಾರಿ ಮಾಡ್ರಿ. ಇಲ್ಲಂದ್ರ ನಾನೂ ಅಪ್ಪನ ಜೋಡಿ ಇಲ್ಲೇ ಕಟ್ಟಿ ಮ್ಯಾಲ ಕುಂಡ್ರತೇನಿ, ಓಣಿಯವರೆಲ್ಲ ನೋಡ್ಲಿ."

ಬೆಳಿಗ್ಗೆ ಹುನಗುಂದದ ಕಡೆಯಿಂದ ಮೋಡ ಏರುತ್ತಿತ್ತು. ಹತ್ತಕ್ಕೆ ಉದ್ಘಾಟನೆ. ಏಳಕ್ಕೇ ನಾನು ಗುಡ್ಡದ ಮೇಲಿದ್ದೆ. ಎರಡು ದೊಡ್ಡ ಬಂಡೆಗಳ ನಡುವೆ ದಾರಿ ಇಕ್ಕಟ್ಟಾಗುವ ಜಾಗದ ಪಕ್ಕ, ಹಳೆಯ ನೀರಿನ ಜಾಡು ಎಲ್ಲಿತ್ತೆಂದು ಮಾವ ಕೋಲಿನಿಂದ ತೋರಿಸಿದರು. ನಾನೇ ಮಾಡಿದ ದಾರಿಗೆ ನಾನೇ ಬಕೆಟ್ ಇಳಿಸಿದೆ. ಸರಕಾರದ ಕೆಲಸ ಕೆಡವಿದವನಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ಆದರೂ ಲಿವರ್ ಎಳೆದೆ. ದಾರಿಗೆ ಅಡ್ಡಲಾಗಿ ಎದೆಮಟ್ಟದ ಕಾಲುವೆ ತೆರೆದುಕೊಳ್ಳುವ ಹೊತ್ತಿಗೆ, ಒಂಬತ್ತಕ್ಕೇ, ಹತ್ತು ಜೀಪು ಸಾಲಾಗಿ ಬಂದೇಬಿಟ್ಟವು. ಮುಂದೆ ಸಾಹೇಬರು ಓಡುತ್ತಿದ್ದರು.

"ಏನ್ ಮಾಡಾಕತ್ತೀಲೇ? ಏನಿದು?"

ನಾನು ಬಕೆಟ್ ಎತ್ತಿ ಗಾಡಿಯನ್ನು ಪಕ್ಕಕ್ಕೆ ಸರಿಸಿದೆ. ಅಷ್ಟರಲ್ಲಿ ಮಳೆ ಧೋ ಎಂದು ಬಿತ್ತು. ಮೊದಲ ಜೀಪು ನಿಲ್ಲಲಿಲ್ಲ. ಕಾಲುವೆಗೆ ಧುಮುಕಿತು, ಸಿಕ್ಕಿಕೊಂಡಿತು, ಗರ್ಜಿಸಿತು, ಬದುವನ್ನು ಕೆಡವಿ ಹೇಗೋ ಆಚೆ ಹತ್ತಿತು. ಹಿಂದಿನವರೆಲ್ಲ ಕೇಕೆ ಹಾಕಿದರು. ಓಡಿಸುತ್ತಿದ್ದ ಹೆಣ್ಣುಮಗಳು ಮುಖದ ಕೆಸರು ಒರೆಸಿಕೊಂಡು ಇಳಿದು, "ಸರ್, ಇಡೀ ಟ್ರ್ಯಾಕಲ್ಲಿ ಇದೊಂದೇ ಚೆನ್ನಾಗಿರೋದು! ಉಳಿದಿದ್ದೆಲ್ಲ ಹೈವೇ ತರ ಇದೆ, ನಿದ್ದೆ ಬಂತು" ಎಂದಳು. ನನ್ನ ಇಪ್ಪತ್ತು ದಿನದ ಕಣ್ಣಳತೆಗೆ ಸಿಕ್ಕ ಮರ್ಯಾದೆ ಅದು. ಆ ಕೆಂಪು ಅಲೆಗಳು ಬೇಕೆಂದೇ ಬರೆದ ಉಬ್ಬುತಗ್ಗುಗಳು, ನೀಲಿ ಗೆರೆ ದಾರಿಯ ಅಡಿಯಲ್ಲಿ ನೀರು ಹಾಯುವ ಪೈಪು ಎಂದು ಆಗ ಅರ್ಥವಾಯಿತು. ಸಾಹೇಬರ ಮುಖ ಅರಳಿತು. "ಭೇಷ್! ಇಂಥಾವು ಇನ್ನಾ ನಾಲ್ಕು ಬೇಕು ನೋಡು" ಎಂದು, ಅತಿಥಿಗಳಿಗೆ ತಂದ ಶಾಲುಗಳಲ್ಲಿ ಒಂದನ್ನು ನನಗೆ ಹೊದಿಸಿಯೇಬಿಟ್ಟರು.

ಶಾಲು ಹೊದ್ದು ಕೆಳಗೆ ನೋಡಿದೆ. ಹೊಂಡಕ್ಕೆ ನೀರು ಇಳಿಯುತ್ತಿತ್ತು, ಆದರೆ ಅದು ನೀರಲ್ಲ, ಇಟ್ಟಿಗೆಯ ರಾಡಿ. ಒಂದೊಂದು ಜೀಪು ಹಾಯ್ದಾಗಲೂ ಇನ್ನಷ್ಟು ಕೆಂಪು. ಟಗರು ಮೂತಿ ತಾಗಿಸಿ ಮೂಸಿ ಹಿಂದೆ ಸರಿಯಿತು, ಅದರ ಹಿಂದೆ ಹಿಂಡೆಲ್ಲ ಸರಿಯಿತು. ಹಾಲಿಲ್ಲದ ತಾಯಂದಿರ ಕೆಳಗೆ ಮರಿಗಳು ಸುಮ್ಮನೆ ತಲೆ ಗುದ್ದುತ್ತಿದ್ದವು. ಮೇಲೆ ಜೀಪುಗಳು ಎರಡನೇ ಸುತ್ತಿಗೆ ತಿರುಗುತ್ತಿದ್ದವು. ಮಾವ ಹಿಂಡಿನ ನಡುವಿನಿಂದ ತಲೆ ಎತ್ತಿದರು. ನನ್ನ ಶಾಲನ್ನು ನೋಡಿದರು, ಅಷ್ಟೇ.

ನಾನು ಗಾಡಿ ಹತ್ತಿದೆ. ಎರಡು ಬಂಡೆಗಳ ನಡುವೆ ತಂದು ಅಡ್ಡ ನಿಲ್ಲಿಸಿದೆ, ಬಕೆಟ್ ನೆಲಕ್ಕೆ ಊರಿದೆ, ಎಂಜಿನ್ ಆರಿಸಿದೆ, ಕೀಲಿಯನ್ನು ಒಳಚಡ್ಡಿಯ ಕಿಸೆಗೆ ಸೇರಿಸಿದೆ. ಮೇಲೆ, ಕೆಳಗೆ, ಪಕ್ಕಕ್ಕೆ ಎಲ್ಲೂ ಜೀಪಿಗೆ ಸಂದಿಯಿಲ್ಲ.

"ಗಾಡಿ ಕೆಟ್ಟೈತ್ರಿ" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹಲ್ಲು ಕಿತ್ತ ಹಾಗಾಯಿತು.

"ಈಗ ಚಲೋ ಇತ್ತಲ್ಲೋ!" ಎಂದರು ಸಾಹೇಬರು. ಆ ಹೆಣ್ಣುಮಗಳು ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಹಿಡಿದು ಬಂದು, "ಬಾನೆಟ್ ತೆಗೀರಿ ಅಣ್ಣ, ಐದು ನಿಮಿಷದ ಕೆಲಸ" ಎಂದಳು. ನಾನು ಬಾನೆಟ್ಟಿನ ಮೇಲೆ ಹತ್ತಿ ಕೂತೆ. "ಮುಟ್ಟಬ್ಯಾಡ್ರಿ ತಂಗೀ. ಇದರ ರೋಗ ನನಗೊಬ್ಬಂಗ ಗೊತ್ತು." ಅದು ಮಾತ್ರ ಖರೆ. ಅಷ್ಟರಲ್ಲಿ ಕೆಳಗಿನ ಪೆಂಡಾಲಿನಿಂದ ಮೈಕು ನನ್ನ ಹೆಸರು ಹಿಡಿದು, ನನ್ನ ಜೆಸಿಬಿ ಕೆಟ್ಟ ಕಾರಣ ಆಟ ನಿಂತಿದೆ ಎಂದು ಮೂರು ಸಲ ಸಾರಿತು. ಗುಡ್ಡ ಅದನ್ನು ಇನ್ನೂ ಮೂರು ಸಲ ಹೇಳಿತು.

ಒಂದು ತಾಸು ಮಳೆಯಲ್ಲಿ ನೆನೆಯುತ್ತ ಕೂತೆ. ಕಾಲುವೆಯ ರಾಡಿ ತೊಳೆದುಹೋಯಿತು. ಹೊಂಡದ ಅಂಚಿನಲ್ಲಿ ನೀರು ಮೆಲ್ಲಗೆ ತಿಳಿಯಾಯಿತು. ಟಗರು ಮತ್ತೆ ಬಂತು, ಮೂಸಿತು, ಈ ಸಲ ಮೂತಿ ತೆಗೆಯಲಿಲ್ಲ. ಎಲ್ಲ ಕುರಿ ಕುಡಿದ ಮೇಲೆ ಮಾವ ಬಗ್ಗಿ ಬೊಗಸೆಯಲ್ಲಿ ಕುಡಿದರು. "ಅಳಿಯಂದ್ರ," ಎಂದು ಕೆಳಗಿನಿಂದಲೇ ಕೂಗಿದರು, "ಗಾಡಿ ಚಲೋ ಹೊತ್ನ್ಯಾಗ ಕೆಟ್ಟಿತು!"

ನಕ್ಷೆಯ ಪೈಪು ಹಾಕಿಸಿರಿ, ಗಾಡಿಯ ರೋಗ ಅಷ್ಟು ದಿನ ಹಿಡಿದೀತು ಎಂದು ಸಾಹೇಬರಿಗೆ ಹೇಳಿದ್ದೇನೆ. ಅಲ್ಲೇ ನಿಂತಿದೆ. ದಿನಾ ಬೆಳಿಗ್ಗೆ ಯಾರೂ ಇಲ್ಲದಾಗ ಹೋಗಿ ಗ್ರೀಸ್ ಹೊಡೆದು ಬರುತ್ತೇನೆ. ಕಲ್ಲವ್ವ ನಗುತ್ತಾಳೆ: "ನನಗ ಜ್ವರ ಬಂದದ್ದು ಎರಡ ದಿನ ತಿಳೀಲಿಲ್ಲ. ಏನೂ ಆಗದ ಗಾಡಿಗೆ ರೋಗ ಐತಿ ಅಂತ ಮೈಕಿನ್ಯಾಗ ಕೂಗಿಸಿ ಬಂದ್ರಿ."

ಚಹಾದಂಗಡಿಯಲ್ಲಿ ಈಗ ಯಾರೂ ನನ್ನನ್ನು ಚುಡಾಯಿಸುವುದಿಲ್ಲ. ಅದೇ ಸಂಕಟ. ಅಂಗಡಿಯವನು ಹೆಣ ಸಾಗಿಸಿದ ಮನೆಯವರಿಗೆ ಕೊಡುವಂತೆ ಸುಮ್ಮನೆ ಕಪ್ಪು ಇಟ್ಟು ಹೋಗುತ್ತಾನೆ. ನಿಜ ಹೇಳೋಣವೆಂದರೆ ಮಾತು ಸಾಹೇಬರ ಕಿವಿಗೆ ಬಿದ್ದೀತು. ಅದಕ್ಕೇ ಇಷ್ಟು ಬರೆದೆ. ನೀವೂ ಯಾರಿಗೂ ಹೇಳಬೇಡಿ. ಕಮತಗಿಯ ಕಡೆ ಬಂದರೆ ಆ ಅಂಗಡಿಯವನೊಬ್ಬನಿಗೆ ಮಾತ್ರ, ಕಿವಿಯಲ್ಲಿ, ಹೇಳಿ: ಕೆಟ್ಟಿರಲಿಲ್ಲಂತ.