ಕಾಟೊ ಮಲಗಿದ್ದಾನೆ

ಎಲ್ಲಕ್ಕೂ ಕಾರಣ ಒಂದು ಆಕಳಿಕೆ.

ದರ್ಜಿ ಸೆಮ್ವಂಗ ಅಂದು ಬೆಳಿಗ್ಗೆ ನಲುಬಾಲೆ ಸರೋವರದ ದಂಡೆಯ ಅನಾಥ ಮಕ್ಕಳ ಮನೆಗೆ ಬಂದದ್ದು, ಹೊಲಿದ ಅಂಗಿ ಚಡ್ಡಿಗಳ ಗಂಟನ್ನು ಕೊಟ್ಟು ಮುಂದಿನ ದೋಣಿ ಹಿಡಿಯುವುದಕ್ಕೆ. ದೋಣಿ ಹೋಗುವುದು ಎದುರಿನ ನಡುಗಡ್ಡೆಗೆ. ಅಲ್ಲಿ ನಬುಕೇರ ಇದ್ದಳು. ಅವಳಿಗಿಂತ ಮುಖ್ಯವಾಗಿ ಅವಳ ಸೋದರತ್ತೆ ಇದ್ದಳು. ಬುಗಾಂಡ ಸೀಮೆಯಲ್ಲಿ ಹುಡುಗಿಯ ಮನಸ್ಸು ಗೆದ್ದರೆ ಅರ್ಧ ಕೆಲಸವೂ ಆದ ಹಾಗಲ್ಲ. ಸೋದರತ್ತೆ ಹೂಂ ಅನ್ನಬೇಕು. ಆ ಮಹಾತಾಯಿ ‘ಇವತ್ತು ಊಟಕ್ಕೆ ಬರಲಿ, ಮುಖ ನೋಡೋಣ’ ಎಂದು ಹೇಳಿಕಳಿಸಿದ್ದಳು. ಇವನು ಹೋಗದಿದ್ದರೆ ಆ ಜಾಗಕ್ಕೆ ಮೋಟಾರು ದೋಣಿಯ ಮೀನು ವ್ಯಾಪಾರಿಯೊಬ್ಬ ಆಗಲೇ ಕಾದು ಕೂತಿದ್ದ.

ಹಾಗಾಗಿ ಸೆಮ್ವಂಗ ಪಾದದವರೆಗಿನ ಬಿಳಿ ನಿಲುವಂಗಿ ತೊಟ್ಟು, ಮೇಲೆ ಕರಿ ಕೋಟು ಹಾಕಿ, ಅತ್ತೆಯ ಮನೆಗೆಂದು ಕೆಂಪು ಹುಂಜವೊಂದನ್ನು ಕಂಕುಳಲ್ಲಿ ಇರುಕಿಕೊಂಡಿದ್ದ. ಗಾಳಿಯಲ್ಲಿ ನಿಲುವಂಗಿ ಉಬ್ಬಿದಾಗ ಅವನೇ ಒಂದು ಹಾಯಿದೋಣಿಯಂತೆ ಕಾಣುತ್ತಿದ್ದ.

ಅಂಗಳದಲ್ಲಿ ಅನ್ನೆಕಾ ಎದುರಾದಳು. ಡೆನ್ಮಾರ್ಕಿನಿಂದ ಮಕ್ಕಳ ಸೇವೆಗೆಂದು ಬಂದು ವಾರವೂ ಆಗಿರದ ಹುಡುಗಿ. ಕಣ್ಣ ಕೆಳಗೆ ಕಪ್ಪು, ಕೂದಲ ತುಂಬ ಗಂಜಿ, ತೋಳಲ್ಲಿ ಒಂದು ವರ್ಷದ ಕೂಸು.

“ಅಣ್ಣ, ಒಂದು ನಿಮಿಷ ಹಿಡಿ. ನಾನು ಮುಖ ತೊಳೆದು ಬರ್ತೇನೆ,” ಎಂದು ಅವಳು ಕಲಿತಷ್ಟು ಮಾತಿನಲ್ಲಿ ಹೇಳಿ ಕೂಸನ್ನು ಅವನ ಕೈಗಿಟ್ಟಳು. ಸೆಮ್ವಂಗ ಹುಂಜವನ್ನು ಕೆಳಗಿಟ್ಟ. ಕೂಸು ಅವನ ಭುಜಕ್ಕೆ ಕೆನ್ನೆ ಹಚ್ಚಿತು, ಹೊಟ್ಟೆಯ ತಳದಿಂದ ಒಂದು ಆಕಳಿಕೆ ತೆಗೆಯಿತು, ನಿದ್ದೆ ಹೋಯಿತು.

ಮುಖ ತೊಳೆದು ಬಂದ ಅನ್ನೆಕಾ ಪವಾಡ ಕಂಡವಳಂತೆ ನಿಂತಳು. “ಕಾಟೊ ಮಲಗಿದ!” ಅವಳ ಕಣ್ಣಲ್ಲಿ ನೀರಾಡಿತು. “ಮೂರು ರಾತ್ರಿ ಅತ್ತ, ಮೂರು ರಾತ್ರಿ! ಒಡತಿ ನಂಪೀಜ ಅಮ್ಮ ಕತ್ತಲಲ್ಲೇ ಆಸ್ಪತ್ರೆಗೆ ಹೋದ್ರು. ನಿನ್ನೆ ರಾತ್ರಿಯೇ ಹೇಳಿದ್ರು: ಕಾಟೊ ಮಲಗಿದರೆ ಯಾರೂ ಎಬ್ಬಿಸಬೇಡಿ. ಅಣ್ಣ, ಅಲ್ಲಾಡಬೇಡ!”

“ನನಗೆ ದೋಣಿ ಇದೆಯಮ್ಮ...”

“ಶ್!”

ಅವಳು ಅವನನ್ನು ಹಲಸಿನ ಮರದ ಕೆಳಗಿನ ಬೆಂಚಿಗೆ ಮೆಲ್ಲನೆ ಕೂರಿಸಿ, ನೊಣ ಕೂರದಿರಲೆಂದು ಕೂಸಿನ ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿದಳು. ಸುದ್ದಿ ಅಡಿಗೆಮನೆಗೆ ಹೋಯಿತು. ಅಡಿಗೆಯ ಬಾಗೂಮ ಸೌಟಿನ ಸಮೇತ ತುದಿಗಾಲಲ್ಲಿ ಬಂದ. ಮೂರು ರಾತ್ರಿಯ ಅಳುವಿಗೆ ಅವನ ಮುಖವೂ ಹುಳಿ ಹಿಟ್ಟಿನಂತೆ ಊದಿತ್ತು.

“ದರ್ಜಿ, ನೀನು ದೇವರು ಕಣೋ. ಆದ್ರೆ ಎದ್ದೆ ಅಂದ್ರೆ ಈ ಸೌಟು ನಿನ್ನ ತಲೆ ಮೇಲೆ,” ಎಂದು ಪಿಸುಗುಟ್ಟಿದ.

“ಒಂದ್ಸಲ ನೀನು ಹಿಡ್ಕೊ ಮಾರಾಯ. ಅತ್ತೆ ಕಾಯ್ತಾ ಇರ್ತಾಳೆ.”

“ಕೈ ಬದಲಾದ್ರೆ ಎದ್ಬಿಡ್ತಾನೆ. ನಿನ್ನ ಅತ್ತೆ ಒಬ್ಬಳು ಕಾಯ್ಲಿ. ಇಲ್ಲಿ ಒಂದು ಮನೆಯೇ ನಿದ್ದೆ ಕಂಡಿಲ್ಲ.”

ದೋಣಿ ಕೂಗಿತು. ಇನ್ನೊಮ್ಮೆ ಕೂಗಿತು. ಮರದ ಸಂದಿನಲ್ಲಿ ಅದು ನೀಲಿಯ ಮೇಲೆ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಗುಂಡಿಯಷ್ಟಾಗಿ ಕರಗಿ ಹೋಗುವುದನ್ನು ಸೆಮ್ವಂಗ ಕತ್ತು ತಿರುಗಿಸದೆ ನೋಡಿದ.

ಆಮೇಲೆ ಹೊತ್ತು ಹೇಗೆ ಸರಿಯಿತೋ! ಬಿಸಿಲು ಎಲೆಗಳ ನಡುವೆ ಜಾರಿ ಜಾರಿ ಅವನ ಮಡಿಲಿಗೆ ಬೀಳುತ್ತಿತ್ತು. ಕೂಸಿನ ಬಿಸಿಯುಸಿರು ಕೊರಳಿಗೆ ತಾಗಿ ತಾಗಿ ಅವನ ರೆಪ್ಪೆಯೂ ಭಾರವಾಯಿತು. ಎಲ್ಲರೂ ತುದಿಗಾಲಲ್ಲಿ ನಡೆಯುತ್ತಿದ್ದರಿಂದ ಇಡೀ ಮನೆ ಸರೋವರದ ತಳಕ್ಕೆ ಇಳಿದು ಕೂತಂತಿತ್ತು. ಗೋಡೆಗೆ ಬಣ್ಣ ಬಳಿಯಲು ಬಂದಿದ್ದ ಅನ್ನೆಕಾಳ ಗೆಳೆಯರು ಕುಂಚವನ್ನು ಗೋಡೆಗೆ ಸವರದೆ ಗಾಳಿಗೆ ಸವರಿದಂತೆ ಕಾಣುತ್ತಿದ್ದರು. ಒಬ್ಬ ಅವನ ಮುಂದೆ ಮಂಡಿಯೂರಿ ಫೋಟೊ ತೆಗೆದ. ಇನ್ನೊಬ್ಬಳು ತೆಗೆದಳು. ಯಾರೋ ಅವನ ಬಿಳಿ ನಿಲುವಂಗಿಗೆ ಒರಗಿ ನಿಂತರು. ಹೋದಾಗ ಅಲ್ಲೊಂದು ಹಳದಿ ಕೈಗುರುತು ಉಳಿಯಿತು.

ಪಟ್ಟಣದ ಇಗರ್ಜಿಯ ತಾಯಂದಿರ ಸಂಘದವರು ನಗಾರಿ ಹೊತ್ತು ಹಾಡಲು ಬಂದರು. ಅವರಿಗೂ ಬಾಗಿಲಲ್ಲೇ ಶ್ ಎಂದಾಯಿತು. ಬಂದವರು ಸುಮ್ಮನೆ ಹೋಗುವುದು ಹೇಗೆ? ದೊಡ್ಡ ಮಕ್ಕಳನ್ನು ಸಾಲಾಗಿ ಕೂರಿಸಿ, ಉಸಿರಿನಲ್ಲೇ ಹಾಡಿದರು, ನಗಾರಿಯನ್ನು ಬೆರಳ ತುದಿಯಿಂದ ಸವರಿದರು, ದೊಡ್ಡ ದೊಡ್ಡ ಮೈಗಳನ್ನು ಸದ್ದಿಲ್ಲದೆ ಬಳುಕಿಸಿದರು. ಬಾಯಿ ತೆರೆಯುತ್ತ ಮುಚ್ಚುತ್ತ ಅವರು ತೇಲಿ ಬಂದಾಗ ಸೆಮ್ವಂಗನಿಗೆ ತಾನು ನೀರಡಿಯ ಮೀನುಗಳ ಮದುವೆಗೆ ಬಂದಿದ್ದೇನೆ ಅನ್ನಿಸಿತು. ಮದುಮಗಳು ನಬುಕೇರ. ಅವಳ ಸೋದರತ್ತೆ ಹೂಂ ಎಂದು ನಗುತ್ತ ಅವನ ಕೈಗೆ ಬಾಳೆಯೆಲೆಯಲ್ಲಿ ಬೇಯಿಸಿದ ಮಟೋಕೆ ಬಾಳೆಕಾಯಿಯ ಮುದ್ದೆ ಇಡುತ್ತಿದ್ದಳು.

ಮಟೋಕೆಯ ವಾಸನೆ ಮಾತ್ರ ನಿಜವಾಗಿತ್ತು. ಕಣ್ಣು ಬಿಟ್ಟರೆ ಎದುರಿಗೆ ಬಾಗೂಮ.

“ಬಂದವರಿಗೆ ಮೇಲೋಗರ ಸಾಲದು. ಆ ಕೆಂಪು ಹುಂಜ ನಮಗೇ ತಂದಿದ್ದಾ?”

ಸೆಮ್ವಂಗ ಅಲ್ಲವೆಂದು ಜೋರಾಗಿ ತಲೆಯಾಡಿಸಬೇಕಿತ್ತು. ಜೋರಾಗಿ ಆಡಿಸಿದರೆ ಭುಜ ಅಲ್ಲಾಡುತ್ತದೆ. ಅವನು ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ಬೇಡವೆಂದು ಸೂಚಿಸಿದ.

“ಕಣ್ಣು ಮುಚ್ಚಿ ಒಪ್ಪಿಕೊಂಡ. ದೊಡ್ಡ ಮನಸ್ಸು!” ಎಂದು ಬಾಗೂಮ ಹೋದ. ಸ್ವಲ್ಪ ಹೊತ್ತಿನಲ್ಲೇ ಹುಂಜ ತಾಯಂದಿರ ಸಂಘದ ತಟ್ಟೆಗಳಿಗೆ ಬಂತು. ಸೆಮ್ವಂಗನಿಗೆ ಕತ್ತಿನ ತುಂಡು ಸಿಕ್ಕಿತು. ಅದನ್ನೂ ಅನ್ನೆಕಾ ಅವನ ಬಾಯಿಗಿಡುವಷ್ಟರಲ್ಲಿ ಮೇಲೋಗರ ನಿಲುವಂಗಿಯ ಮೇಲೆ ಚೆಲ್ಲಿತು. ಅದರ ಹಿಂದೆಯೇ ಕೂಸೂ ನಿದ್ದೆಯಲ್ಲೇ ತನ್ನ ಪಾಲಿನ ಬೆಚ್ಚನೆಯ ಧಾರೆಯನ್ನು ಸುರಿಸಿತು.

ಆಗ ಕೋಟಿನ ಒಳಜೇಬಿನಲ್ಲಿ, ಕೂಸಿನ ಹೊಟ್ಟೆಯಡಿ, ಫೋನು ಗುರ್ರೆಂದಿತು. ಪಕ್ಕದಲ್ಲಿ ಲುಬೇಗ ಇದ್ದ. ಬೇಲಿಯಾಚೆಯ ಮನೆಯವನು, ಊರಿನಲ್ಲಿ ಯಾರ ಮನೆಯ ಪಾತ್ರೆ ಬಿದ್ದರೂ ಎತ್ತಿಡಲು ಮೊದಲು ಓಡುವವನು. ಅವನು ಜೇಬಿಗೆ ಎರಡೇ ಬೆರಳು ತೂರಿಸಿ ಫೋನನ್ನು ಮುಳ್ಳು ತೆಗೆದಂತೆ ಹೊರಗೆಳೆದ. ಸೆಮ್ವಂಗ ಕಣ್ಣಲ್ಲೇ ಬೇಡಿಕೊಂಡ. ಲುಬೇಗ ಧೈರ್ಯ ಹೇಳುವಂತೆ ಅವನ ಮಂಡಿ ತಟ್ಟಿದ.

“ಹಲೋ... ಹೌದಮ್ಮ, ಸೆಮ್ವಂಗಂದೇ ಫೋನು. ಓ, ನೀವು ನಬುಕೇರಳ ಅತ್ತೇನಾ? ನಮಸ್ಕಾರ, ನಮಸ್ಕಾರ. ಇಲ್ಲ, ಅವನು ಬರೋಕಾಗಲ್ಲ. ಮಗು ಮಲಗಿದೆ... ಅವನೆದೆ ಮೇಲೇ... ಯಾರ ಮಗುನಾ? ಅಯ್ಯೋ, ಅದನ್ನ ಹ್ಯಾಗಮ್ಮ ಹೇಳೋದು, ಅದು ದೇವರಿಗೇ ಗೊತ್ತು! ತಾಯೀನಾ? ಅವಳ ಸುಳಿವೇ ಇಲ್ಲ. ಪಾಪ, ಇವನೇ ಬೆಳಗಿಂದ ನೋಡ್ಕೊತಾ ಇದಾನೆ. ಬಂಗಾರದಂಥ ಹುಡುಗ ಕಣಮ್ಮ... ಹಲೋ? ಹಲೋ?”

ಲುಬೇಗ ಫೋನನ್ನು ನೋಡಿ, “ಸಿಗ್ನಲ್ ಹೋಯ್ತು. ಆದ್ರೂ ನಿನ್ನ ಬಗ್ಗೆ ಒಳ್ಳೇದನ್ನೇ ಹೇಳಿದೀನಿ,” ಎಂದ.

ಅಷ್ಟರಲ್ಲಿ ಏಣಿಯ ಮೇಲಿನ ಬಣ್ಣದ ಡಬ್ಬಿ ಜಾರಿ ಕಲ್ಲುಹಾಸಿಗೆ ಬಿದ್ದು ಢಣಾರೆಂದಿತು. ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಎಲ್ಲರೂ ಉಸಿರು ಹಿಡಿದು ಬಟ್ಟೆಯ ಕಡೆ ನೋಡಿದರು. ಕೂಸು ಮಿಸುಕಲೂ ಇಲ್ಲ.

“ಮೂರು ರಾತ್ರಿಯ ಬಾಕಿ ತೀರಿಸ್ತಿದಾನೆ,” ಎಂದು ತಾಯಂದಿರ ಸಂಘ ಕಣ್ಣೊರೆಸಿಕೊಂಡಿತು. ಬಟ್ಟೆ ಎತ್ತಿ ಮುಖ ನೋಡುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಬಂದವರು ಹೋದರು. ಸರೋವರದ ಮೇಲೆ ಸಂಜೆ ಜೇನಿನಂತೆ ಹರಡಿತು. ಆಗ ದೂರದಿಂದ ಒಂದು ಆಕ್ರಂದನ ಹತ್ತಿರ ಹತ್ತಿರ ಬಂತು. ಅದರ ಕೆಳಗೆ ಮಕ್ಕಳ ಮನೆಯ ಒಡತಿ ನಂಪೀಜ ನಡೆದು ಬಂದಳು. ಅವಳ ಬೆನ್ನಿಗೆ ಕಟ್ಟಿದ ಕೂಸು ಬಾಯಿಯನ್ನು ಗವಿಯಂತೆ ತೆರೆದಿತ್ತು.

“ಏನೋ ಸೆಮ್ವಂಗ, ಬೊಂಬೆ ಹಾಗೆ ಕೂತಿದೀಯ? ಅತ್ತೆ ಮನೆಗೆ ಹೋಗ್ಲಿಲ್ವಾ?”

“ಕಾಟೊ ಮಲಗಿದಾನಕ್ಕ,” ಎಂದ ಅವನು ಪಿಸುಮಾತಿನಲ್ಲಿ.

“ಕಾಟೊನಾ? ಕಾಟೊ ಇಲ್ಲಿ ನನ್ನ ಬೆನ್ನ ಮೇಲೆ ಬೊಬ್ಬೆ ಹೊಡೀತಿದಾನಲ್ಲೋ! ಕಿವಿನೋವು. ಈಗ ತಾನೇ ಮದ್ದು ಹಾಕಿಸ್ಕೊಂಡು ಬರ್ತಿದೀನಿ.” ಅವಳು ಬಟ್ಟೆ ಎತ್ತಿದಳು. “ಇವನು ವಾಸ್ವ. ಇವನನ್ನ ನಗಾರಿ ಒಳಗೆ ಹಾಕಿ ಬಾರಿಸಿದ್ರೂ ಏಳಲ್ಲ.”

ಕಾಟೊ ಎಂಬ ಹೆಸರಿನವನಿಗೆ ವಾಸ್ವ ಎಂಬ ಅವಳಿ ಅಣ್ಣ ಇದ್ದೇ ಇರುತ್ತಾನೆಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು. ಸೆಮ್ವಂಗನಿಗೂ ಗೊತ್ತಿತ್ತು; ಹೊಳೆದಿರಲಿಲ್ಲ ಅಷ್ಟೆ. ಅನ್ನೆಕಾ ಮುಖ ಮುಚ್ಚಿಕೊಂಡಳು. ಬಾಗೂಮ ಸೌಟನ್ನು ಬೆನ್ನ ಹಿಂದೆ ಅಡಗಿಸಿದ.

ಸೆಮ್ವಂಗ ಎದ್ದ. ಕಾಲು ಯಾರಿಂದಲೋ ಸಾಲ ತಂದದ್ದೆಂಬಂತೆ ತಟ್ಟಾಡಿತು. ಸಂಜೆಯ ದೋಣಿ ಆಗಲೇ ಬಂದು ದಡಕ್ಕೆ ತಾಗುತ್ತಿತ್ತು. ಓಡಿದರೆ ಹಿಡಿಯಬಹುದು! ಅತ್ತೆಯ ಕಾಲಿಗೆ ಬಿದ್ದು ಎಲ್ಲ ಹೇಳಬಹುದು!

“ಹೋಗುವಂತೆ, ಒಂದು ಗಳಿಗೆ ಇವನನ್ನೂ ಹಿಡಿ. ಬೆನ್ನು ಬಿದ್ದೇ ಹೋಗಿದೆ,” ಎಂದು ನಂಪೀಜ ಕಟ್ಟು ಬಿಚ್ಚಿ ಕಾಟೊನನ್ನು ಅವನ ಇನ್ನೊಂದು ಭುಜಕ್ಕೆ ಹಾಕಿದಳು.

ಕಾಟೊ ಬಿಕ್ಕಿದ. ಪಕ್ಕದ ಭುಜದ ಮೇಲಿದ್ದ ಅಣ್ಣನನ್ನು ನೋಡಿದ. ಮದ್ದು ಹತ್ತಿತೋ, ಅಣ್ಣನ ಗೊರಕೆ ಹಿತವಾಯಿತೋ, ಉದ್ದಕ್ಕೆ ಆಕಳಿಸಿ ಕಣ್ಣು ಮುಚ್ಚಿದ. ಮನೆಗೆ ಮನೆಯೇ ಸ್ತಬ್ಧವಾಯಿತು. ನಂಪೀಜ ಎದೆಯ ಮೇಲೆ ಕೈಯಿಟ್ಟುಕೊಂಡಳು. ಸೆಮ್ವಂಗ ಮೆಲ್ಲಗೆ, ಬಹಳ ಮೆಲ್ಲಗೆ, ಮತ್ತೆ ಬೆಂಚಿನ ಮೇಲೆ ಕೂತ.

ಗೇಟು ಕಿರುಗುಟ್ಟಿತು.

ಭುಜ ಮೊನಚಾದ ಹೊಳೆಯುವ ಉಡುಪಿನಲ್ಲಿ, ಕೈಚೀಲ ಹಿಡಿದು, ದೋಣಿಯಿಂದ ನೇರವಾಗಿ ನಡೆದು ಬಂದಿದ್ದಳು ಸೋದರತ್ತೆ. ಹಿಂದೆ ತಲೆ ತಗ್ಗಿಸಿದ ನಬುಕೇರ. ಅತ್ತೆ ಹಳದಿ ಕೈಗುರುತನ್ನು ನೋಡಿದಳು, ಮೇಲೋಗರವನ್ನು ನೋಡಿದಳು, ಎಡ ಭುಜ ನೋಡಿದಳು, ಬಲ ಭುಜ ನೋಡಿದಳು.

“ಫೋನಲ್ಲಿ ಒಂದೇ ಅಂದ್ರು,” ಎಂದಳು. ಆಮೇಲೆ, ಅವಳಿ ಮಕ್ಕಳನ್ನು ಹೆತ್ತ ತಂದೆಗೆ ಆ ನಾಡು ಕೊಡುವ ಗೌರವದ ಹೆಸರು ಹಿಡಿದು, ಒಂದಿಷ್ಟೂ ಮರ್ಯಾದೆ ಕೆಡದಂತೆ ಕೇಳಿದಳು: “ಕ್ಷೇಮವೇ, ಸಾಲೊಂಗೊ?”

ಸೆಮ್ವಂಗ ಬಾಯಿ ತೆರೆದ.

“ಶ್!” ಎಂದರು ನಂಪೀಜ, ಬಾಗೂಮ, ಅನ್ನೆಕಾ, ಮೂವರೂ ಒಟ್ಟಿಗೆ.

ಅತ್ತೆ ನಬುಕೇರಳ ಕೈ ಹಿಡಿದು ತಿರುಗಿ ನಡೆದಳು. ಕಾಯುತ್ತಿದ್ದ ದೋಣಿ ಅವರನ್ನು ಹತ್ತಿಸಿಕೊಂಡು ಕೂಗಿತು. ಬೇಲಿಗೆ ಒರಗಿದ್ದ ಲುಬೇಗ ತುದಿಗಾಲಲ್ಲಿ ಬಂದು ಸೆಮ್ವಂಗನ ಕಿವಿಗೆ ಬಾಗಿದ.

“ನೋಡಿದ್ಯಾ? ನಾನು ಮಾತಾಡಿದ್ದಕ್ಕೆ ತಾನೇ ಅಷ್ಟು ದೊಡ್ಡವರು ಖುದ್ದಾಗಿ ಇಲ್ಲಿ ತನಕ ಬಂದಿದ್ದು? ಮದುವೇಗೆ ಕರೆಯೋದು ಮರೀಬೇಡ ಕಣಯ್ಯ.”